ಕೋಣೆಯ ಪರವಾಗಿ ನಿಂತ ರೌಟರ್

ಚಿಕಿತ್ಸೆಗೆಂದು ಮೈಸೂರಿಗೆ ಬಂದು ಹೋಟೆಲಿನಲ್ಲಿ ಉಳಿದಿದ್ದ ಭಾಮಿನಿಗೆ ತಂಗಿಯ ಮೊದಲ ವೀಣಾ ಕಛೇರಿಗೆ ಹೋಗಲಾಗಲಿಲ್ಲ. ನೇರಪ್ರಸಾರವನ್ನಾದರೂ ನೋಡೋಣವೆಂದು ತನ್ನ ಸ್ಟ್ರೀಮಿಂಗ್ ಸ್ಟಿಕ್ಕನ್ನು ಕೋಣೆಯ ಟಿವಿಗೆ ಸಿಕ್ಕಿಸಿದಳು.

"ಹೆಸರು, ಕೋಣೆಯ ನಂಬರು ಬರೆದುಕೊಡು, ಒಳಗೆ ಬಿಡುತ್ತೇನೆ," ಎಂದಿತು ಹೋಟೆಲಿನ ವೈಫೈ.

"ಅಯ್ಯಾ, ನಾನು ಚಿತ್ರ ತೋರಿಸಬಲ್ಲೆ. ನಿಮ್ಮ ಪುಟ ತೆರೆದು ಬರೆಯಲಾರೆ," ಎಂದು ಸ್ಟಿಕ್ಕು ಬೇಡಿಕೊಂಡಿತು.

"ನಿಯಮ ಎಲ್ಲರಿಗೂ ಒಂದೇ."

ಭಾಮಿನಿ ಚೀಲದಿಂದ ಹೋಟೆಲಿನ ಇಂಟರ್ನೆಟ್ಟನ್ನು ತಾನು ಪಡೆದು ಕೋಣೆಯ ಉಪಕರಣಗಳಿಗೆ ಹಂಚುವ, ಅಂಗೈಯಗಲದ ಟ್ರಾವೆಲ್ ರೌಟರನ್ನು ತೆಗೆದಳು. ಸ್ಟಿಕ್ಕಿಗೆ ನಂಬಿಕೆ ಬರಲಿಲ್ಲ. "ಇಷ್ಟು ಪುಟ್ಟವನು ನೀನೇನು ಮಾಡೀಯ?"

ರೌಟರ್ ಕೆಲಸಕ್ಕಿಳಿಯಿತು. ಭಾಮಿನಿ ಫೋನಿನಲ್ಲಿ ಬರೆದ ಹೆಸರು, ಕೋಣೆಯ ನಂಬರನ್ನು ವೈಫೈಗೆ ಒಪ್ಪಿಸಿ, "ಅಣ್ಣಾ, ಈ ಕೋಣೆಯವರ ಪರವಾಗಿ ನಾನಿದ್ದೇನೆ," ಎಂದಿತು. ವೈಫೈ ಒಪ್ಪಿ ದಾರಿ ಬಿಟ್ಟಿತು. ಆಮೇಲೆ ರೌಟರ್, ಭಾಮಿನಿ ಮೊದಲೇ ತನ್ನಲ್ಲಿ ಹೊಂದಿಸಿಟ್ಟಿದ್ದ ಮನೆಯ ವೈಫೈ ಹೆಸರು, ಪಾಸ್‌ವರ್ಡಿನಲ್ಲೇ ಸ್ಟಿಕ್ಕನ್ನು ಕರೆಯಿತು. ಪರಿಚಿತ ಹೆಸರು ಕೇಳಿದ್ದೇ ತಡ, ಸ್ಟಿಕ್ಕು ಓಗೊಟ್ಟಿತು.

ಪರದೆಯ ಮೇಲೆ ತಂಗಿ ವೀಣೆ ಮೀಟಿದಳು. ಭಾಮಿನಿ ಕಣ್ಣೊರೆಸಿಕೊಂಡು ನಕ್ಕಳು.

ಸ್ಟಿಕ್ಕಿಗೆ ರೌಟರಿನ ಮೇಲೆ ಗೌರವ ಉಕ್ಕಿತು. "ಇಷ್ಟೆಲ್ಲ ಮಾಡಿದಿರಿ, ಪರದೆಯಲ್ಲಿ ಎಲ್ಲೂ ನಿಮ್ಮ ಹೆಸರಿಲ್ಲವಲ್ಲ ಸ್ವಾಮಿ!"

"ಮಾತು ಬೇಡ, ಚೆನ್ನಾಗಿ ತೋರಿಸು," ಎಂದಿತು ರೌಟರ್. "ರಾಗ ಶುರುವಾಗಿದೆ."