ಕೊಕ್ಕರೆಯ ಊಟ

ಕರಡಿಯ ತಾಳೆ ತೋಟಕ್ಕೂ ಎಣ್ಣೆ ಗಾಣಕ್ಕೂ ಅರ್ಧ ಬಂಡವಾಳ ಹಾಕಿದ್ದು ಒಂದು ಕೊಕ್ಕರೆ. ವರ್ಷಕ್ಕೊಮ್ಮೆ ಅದು ಹಾರಿ ಬಂದು, "ತೋಟದ ಹಳ್ಳ ಚೆನ್ನಾಗಿದೆಯೇ? ಕೆಲಸದವರು ಸುಖವಾಗಿದ್ದಾರೆಯೇ?" ಎಂದು ಕರಡಿಯನ್ನು ವಿಚಾರಿಸುತ್ತಿತ್ತು. ಕರಡಿ ಹಾರ ಹಾಕಿ, ಶಾಲು ಹೊದಿಸಿ, ಎಲೆ ತುಂಬ ಮೀನು ಬಡಿಸುತ್ತಿತ್ತು. ಕೊಕ್ಕರೆ ಉಂಡು ತೃಪ್ತಿಯಿಂದ ಮರಳುತ್ತಿತ್ತು.

ಈ ಸಲ ಬಡಿಸಲು ಬಂದದ್ದು ತೋಟದಲ್ಲಿ ಗೊನೆ ಹೊರುವ ಮುಳ್ಳುಹಂದಿ. ಅದು ಕುಂಟುತ್ತಿತ್ತು.

"ಮೀನು ಬಹಳ ರುಚಿ. ನಿಮ್ಮ ಹಳ್ಳದ್ದೇ ತಾನೆ?" ಎಂದಿತು ಕೊಕ್ಕರೆ.

"ಹಳ್ಳದಲ್ಲಿ ಮೀನೆಲ್ಲಿ ಬಂತು ಸ್ವಾಮಿ?" ಎಂದಿತು ಮುಳ್ಳುಹಂದಿ. " ಗಾಣದ ಕೊಳೆನೀರು ಬಿಟ್ಟಾಗಲೇ ಎಲ್ಲ ಸತ್ತವು. ನೀವು ಬರುತ್ತೀರೆಂದರೆ ನಾವು ಕೆಲಸ ಮುಗಿಸಿ, ಗುಡ್ಡದಾಚೆಯ ಕೆರೆಯಿಂದ ಹೊತ್ತು ತರಬೇಕು. ಅದಕ್ಕೆ ಕೂಲಿಯೂ ಇಲ್ಲ."

ಕೊಕ್ಕರೆ ಕೊಕ್ಕಿನಲ್ಲಿದ್ದ ಮೀನನ್ನು ಎಲೆಯ ಮೇಲೆ ಇಟ್ಟಿತು.

ಕರಡಿ ಅಳುಕಲಿಲ್ಲ. "ಬೇಡವಾದರೆ ಪಾಲು ಬಿಟ್ಟು ಹೋಗಿ. ಕೊಳ್ಳಲು ರಣಹದ್ದು ಕಾದಿದೆ. ಅದಕ್ಕೆ ಸತ್ತ ಮೀನೂ ನಡೆಯುತ್ತದೆ."

"ಅದಕ್ಕೇ ನಾನು ಬಿಡುವುದಿಲ್ಲ. ಇನ್ನು ನನ್ನ ಊಟ ಈ ಹಳ್ಳದಲ್ಲೇ. ಇಲ್ಲಿ ಮೀನು ಸಿಗುವವರೆಗೆ ಗಾಣ ತಿರುಗಕೂಡದು, ಅರ್ಧ ಗಾಣ ನನ್ನದು. ಈ ಕೆಲಸದವರ ಕೂಲಿ ಮಾತ್ರ ನಿಲ್ಲಕೂಡದು."

ಕೊಕ್ಕರೆ ಹಾರ, ಶಾಲು ಕಳಚಿಟ್ಟು ಕಪ್ಪು ನೀರಿನ ಅಂಚಿಗೆ ಹೋಗಿ ಒಂಟಿಕಾಲಲ್ಲಿ ನಿಂತಿತು. ಕಾಯುವುದು ಅದಕ್ಕೆ ಹೊಸದಲ್ಲ.

ಸಂಜೆಯಾದರೂ ಅದು ಕದಲಲಿಲ್ಲ. ಕೊನೆಗೆ ಕರಡಿ ಮುಳ್ಳುಹಂದಿಯ ಹತ್ತಿರ ಬಂದು, "ಹಳ್ಳಕ್ಕೆ ಮೀನು ಮತ್ತೆ ಬರಬೇಕಾದರೆ ಏನು ಮಾಡಬೇಕಪ್ಪ?" ಎಂದಿತು.

ಆ ತೋಟದಲ್ಲಿ ಕೆಲಸದವರನ್ನು ಯಾರಾದರೂ ಒಂದು ಮಾತು ಕೇಳಿದ್ದು ಅದೇ ಮೊದಲು.