ಅಂಗೈಯ ತುರಿಕೆ

ವ್ಯಾಂಕೂವರಿನಲ್ಲಿ ನದಿಯ ದಂಡೆಗೆ ಒಂದು ಹಾಲ್. ವಾರಕ್ಕೊಮ್ಮೆ ಅಲ್ಲಿ ಚೀನೀ ಮಾತಾಡುವ ಅಜ್ಜ ಅಜ್ಜಿಯರು ಸ್ಮಾರ್ಟ್‌ಫೋನ್ ಕಲಿಯಲು ಸೇರುತ್ತಾರೆ.

ಕಲಿಸುವವರು ಫಾಂಗ್ ಸೀಫು. ಸೀಫು ಅಂದರೆ ಅವರ ಮಾತಿನಲ್ಲಿ ಗುರು. ಅಡುಗೆಯವನೂ ಸೀಫು, ಬಡಗಿಯೂ ಸೀಫು, ಕಾರು ಕಲಿಸುವವನೂ ಸೀಫು. ಎಂಥ ಉದಾರ ಜನ ನೋಡಿ! ಫಾಂಗ್ ಅವರು ನಿವೃತ್ತಿಯಾಗುವ ತನಕ ಕಾರು ಕಲಿಸಿದವರು. ಈಗಲೂ ಯಾರಾದರೂ ಫೋನಿನಲ್ಲಿ ಏನನ್ನೋ ತಪ್ಪಾಗಿ ಒತ್ತಲು ಹೋದರೆ, ಬ್ರೇಕ್ ಹಾಕುವವರಂತೆ ಅವರ ಬಲಗಾಲು ತಾನಾಗಿ ನೆಲ ಒತ್ತುತ್ತದೆ. ಕೈ ಮಾತ್ರ ಮಡಿಲು ಬಿಟ್ಟು ಏಳುವುದಿಲ್ಲ.

ಶಿಷ್ಯೆ ಐವಿ ನಲವತ್ತರ ಹೆಂಗಸು, ಕಂಪ್ಯೂಟರಿನಲ್ಲಿ ಪಳಗಿದವಳು. ಮನೆಯಲ್ಲಿ ಕೇಳಿ ಚೀನೀ ಮಾತು ಬರುತ್ತಿತ್ತು, ಕೆನಡಾದಲ್ಲೇ ಹುಟ್ಟಿ ಬೆಳೆದದ್ದರಿಂದ ಅಕ್ಷರ ಬರುತ್ತಿರಲಿಲ್ಲ. ಅವಳು ಕಲಿಯಲು ಬಂದದ್ದು ಫೋನನ್ನಲ್ಲ, ಕಲಿಸುವುದನ್ನು.

ಒಂದು ದಿನ ಮುಖ ಸಣ್ಣ ಮಾಡಿಕೊಂಡು ಬಂದಳು.

"ಸೀಫು, ಮಾಕ್ ದೊಡ್ಡಪ್ಪನಿಗೆ ಕಲಿಸುವುದು ನನ್ನಿಂದಾಗದು. ನಾಳೆಯೇ ಅವರು ಡಾಕ್ಟರ ಹತ್ತಿರ ಹೋಗಬೇಕು."

ಕಲಿಯಲು ಬರುವ ಅಜ್ಜಂದಿರಲ್ಲಿ ಒಬ್ಬರಾದ ಮಾಕ್‌ಗೆ ಗಂಟಲಿನ ಆಪರೇಷನ್ ಆಗಿ ದನಿ ಹೋಗಿತ್ತು. ಅವರಿಗೆ ಇಂಗ್ಲಿಷ್ ಬಾರದು, ಡಾಕ್ಟರಿಗೆ ಇಂಗ್ಲಿಷ್ ಬಿಟ್ಟು ಬೇರೆ ಬಾರದು.

"ಯಾಕಮ್ಮಾ ಆಗದು?"

"ಉಳಿದವರೆಲ್ಲ ಫೋನಿನ ಎಐ ಜೊತೆ ಮಾತಾಡಿ ಕೆಲಸ ಮಾಡಿಸಿಕೊಳ್ಳುತ್ತಾರೆ. ಲಿಯಾಂಗ್ ಅಜ್ಜಿಯಂತೂ ಸೂಪಿಗೆ ಉಪ್ಪೆಷ್ಟು ಅಂತ ಕೇಳಿ, ಅದು ಹೇಳಿದ ಮೇಲೆ ಜಗಳಕ್ಕೇ ನಿಂತಿದ್ದಾರೆ. ಇವರಿಗೆ ದನಿಯಿಲ್ಲ. ಟೈಪ್ ಮಾಡಿ ಅಂದರೆ, ಚೀನೀ ಟೈಪಿಸಲೂ ಎಬಿಸಿಡಿ ಬೇಕು, ಇವರಿಗೆ ಅದು ಗೊತ್ತಿಲ್ಲ. ನಿಮ್ಮ ಮಗನೇ ಡಾಕ್ಟರನ್ನು ಕೇಳಲಿ ಬಿಡಿ ಅಂದೆ. ಮುಖ ತಿರುಗಿಸಿದರು."

"ಆಮೇಲೆ?"

"ಅಂಗೈಗೆ ತುರಿಕೆ ಬೇರೆ. ಬೆರಳಿನಿಂದ ಕೆರೆದು ಕೆರೆದು ನನ್ನ ಮುಂದೆ ಹಿಡಿಯುತ್ತಾರೆ. ಪಾಪ ಅಂತ ಮುಲಾಮು ತಂದು ಹಚ್ಚಿದೆ. ಕೆಂಡಾಮಂಡಲವಾದರು!"

ಸೀಫು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಎದ್ದು ಹೋಗಿ, ಆಚೆ ಮೂಲೆಯಲ್ಲಿದ್ದ ಮಾಕ್ ಪಕ್ಕದಲ್ಲಿ ಕೂತರು. ತಮ್ಮ ಅಂಗೈಯನ್ನು ಅವರ ಮುಂದೆ ಚಾಚಿದರು.

ಮಾಕ್ ಅದರ ಮೇಲೆ ಬೆರಳಾಡಿಸಿದರು.

"ಮುಲಾಮಿನ ವಾಸನೆ ಚೆನ್ನಾಗಿದೆಯಂತೆ," ಅಂದರು ಸೀಫು. "ಕೈಗೇನೂ ಆಗಿಲ್ಲವಂತೆ."

ಐವಿಯ ಕಿವಿ ಕೆಂಪಾಯಿತು. "ಅಯ್ಯೋ, ಬರೆಯುತ್ತಿದ್ದರಾ?"

"ಬಾಯಿಂದ ಹೇಳಿ ತಿಳಿಸಲಾಗದ್ದನ್ನು ನಮ್ಮ ಕಡೆ ಅಂಗೈಯಲ್ಲಿ ಬರೆದು ತೋರಿಸುತ್ತಾರೆ."

ಮಾಕ್ ಮತ್ತೆ ಬರೆದರು. ಈ ಸಲ ಬಹಳ ಹೊತ್ತು.

"ಹೋದ ಸಲ ಡಾಕ್ಟರು ತುಂಬ ಮಾತಾಡಿದರಂತೆ. ಮಗ ಇವರಿಗೆ ಹೇಳಿದ್ದು 'ಎಲ್ಲ ಚೆನ್ನಾಗಿದೆ' ಅಂತ, ಅಷ್ಟೇ. ನಾಳೆ ತಾವೇ ಕೇಳಬೇಕಂತೆ." ಸೀಫು ಶಿಷ್ಯೆಯತ್ತ ತಿರುಗಿದರು. "ಫೋನಿನಲ್ಲಿ ಬೆರಳಿಂದ ಬರೆಯಲು ಬರುತ್ತದಾ?"

"ಬರುತ್ತದೆ. ಬಹಳ ನಿಧಾನ ಅಂತ ನಾನು ತೋರಿಸಲೇ ಇಲ್ಲ."

"ಅವರಿಗೆ ಆತುರವಿದೆ ಅಂತ ಯಾರು ಹೇಳಿದರು?"

ಐವಿ ಮಾಕ್ ಅವರ ಫೋನಿನಲ್ಲಿ ಅದನ್ನು ಚಾಲೂ ಮಾಡಿದಳು. ಸೀಫು ಆ ಫೋನನ್ನು ಮಾಕ್ ಅವರ ತೆರೆದ ಅಂಗೈಯ ಮೇಲಿಟ್ಟರು.

ಬೆರಳು ಒಂದು ಗಳಿಗೆ ಅನುಮಾನಿಸಿತು. ಆಮೇಲೆ ಬರೆಯಿತು. ಅಕ್ಷರ ಮೂಡಿತು. ಇನ್ನೊಂದು. ಮಗದೊಂದು. ಎಐ ಅದನ್ನೆಲ್ಲ ಇಂಗ್ಲಿಷಿಗೆ ತಿರುಗಿಸಿತು.

ಐವಿಯ ಕೈ ಫೋನಿನತ್ತ ಹೋಯಿತು.

"ಕೈ ಮಡಿಲಲ್ಲಿ," ಅಂದರು ಸೀಫು.

"ಇಂಗ್ಲಿಷ್ ಸರಿಯಿದೆಯೋ ಇಲ್ಲವೋ ಅವರಿಗೆ ಹೇಗೆ ಗೊತ್ತಾಗಬೇಕು, ಸೀಫು? ನಾನು ಓದಿ ನೋಡುತ್ತೇನೆ."

"ಮಾಕಣ್ಣ, ಆ ಇಂಗ್ಲಿಷನ್ನು ಮತ್ತೆ ಚೀನೀಗೆ ತಿರುಗಿಸು ಅಂತ ಅದಕ್ಕೇ ಬರಿ."

ಮಾಕ್ ಹಾಗೇ ಬರೆದರು. ಬಂದದ್ದನ್ನು ಓದಿ ತಲೆಯಾಡಿಸಿಬಿಟ್ಟರು. ಊಹೂಂ, ಅವರು ಕೇಳಿದ್ದು ಅದಲ್ಲ. ಎಲ್ಲ ಅಳಿಸಿ ಮೊದಲಿಂದ ಬರೆದರು, ಈ ಸಲ ಚುಟುಕಾಗಿ. ಮತ್ತೆ ತಿರುಗಿಸಿ ಓದಿದರು. ಈಗ ಸರಿ ಬಂತು ಅನ್ನುವಂತೆ ತೊಡೆ ತಟ್ಟಿಕೊಂಡರು.

"ಡಾಕ್ಟರು ಮಾತಾಡುವಾಗ ಫೋನನ್ನು ಅವರ ಮುಂದೆ ಹಿಡಿಯಿರಿ, ದೊಡ್ಡಪ್ಪ," ಅಂದಳು ಐವಿ. "ಅವರು ಹೇಳಿದ್ದನ್ನು ಅದು ಚೀನೀ ಅಕ್ಷರದಲ್ಲಿ ಬರೆದು ತೋರಿಸುತ್ತದೆ."

ಮಾಕ್ ಅವಳ ಕೈ ಎಳೆದುಕೊಂಡು ಅಂಗೈಯಲ್ಲಿ ಏನೋ ಬರೆದರು.

"ಈ ಫೋನು ಮಗನಿಗಿಂತ ವಾಸಿ ಅನ್ನುತ್ತಿದ್ದಾರೆ," ಅಂದರು ಸೀಫು.

ಮಾಕ್ ಫೋನನ್ನು ಯಾರಿಗೂ ತೋರಿಸದೆ ಜೇಬಿಗಿಳಿಸಿದರು. ಬಾಗಿಲ ತನಕ ಹೋದವರು ಹಿಂದಿರುಗಿ, ಮೇಜಿನ ಮೇಲಿದ್ದ ಮುಲಾಮಿನ ಟ್ಯೂಬನ್ನೂ ಎತ್ತಿಕೊಂಡು ಹೋದರು.

"ಸೀಫು, ಏನು ಕೇಳುತ್ತಾರಂತೆ?"

"ಗೊತ್ತಿಲ್ಲ."

"ನೀವೂ ನೋಡಲಿಲ್ಲವಾ? ಒಂದೇ ಒಂದು ಸಲ ನೋಡಿದ್ದರೆ... ನಾಳೆ ಅಲ್ಲಿ ಏನಾದರೂ ಎಡವಟ್ಟಾದರೆ?"

ಮೇಜಿನ ಕೆಳಗೆ ಅವಳ ಬಲಗಾಲು ನೆಲವನ್ನು ಒತ್ತಿ ಹಿಡಿದಿತ್ತು. ಸೀಫು ಅದನ್ನು ನೋಡಿದರು.

"ಕಾರು ಹೊರಟಾಯಿತು, ಐವಿ. ಬೆಲ್ಟ್ ಹಾಕಿಕೊಂಡು ಕಿಟಕಿಯಾಚೆ ನೋಡು."