ಮರಕುಟಿಗಜ್ಜನ ಪೊಟರೆ

“ಈ ಪೊಟರೆಯನ್ನು ನಾನೊಬ್ಬನೇ ಒಂದೇ ಬೆಳಗಿನಲ್ಲಿ ಕೊರೆದೆ. ನನ್ನ ಏಟಿಗೆ ಪಕ್ಕದೂರಿನ ತೆಂಗಿನಕಾಯಿಗಳೂ ಉದುರಿದವು. ಪಾಪ, ಕಣ್ಣಾರೆ ಕಂಡವರೆಲ್ಲ ತೀರಿಕೊಂಡರು,” ಎಂದ ಮರಕುಟಿಗಜ್ಜ, ಸುಳಿ ಒಣಗಿದ ತೆಂಗಿನಮರಕ್ಕೆ ಆತುಕೊಂಡು.

ಹೆಣ್ಣು ಗೊರವಂಕ ಹಕ್ಕಿಗೆ ಮೊಟ್ಟೆಯಿಡುವ ಹೊತ್ತು ಹತ್ತಿರವಾಗಿತ್ತು. “ಖಾಲಿ ಬಿದ್ದಿದೆಯಲ್ಲ ಅಜ್ಜ, ನನಗೆ ಬಿಟ್ಟುಕೊಡಿ,” ಎಂದು ಬೇಡಿದಳು.

“ಕೊರೆದವನು ನಾನಿರುವಾಗ ನಿನಗೇಕೆ ಬಿಡಲಿ? ನಂಬಿಕೆಯಿಲ್ಲದಿದ್ದರೆ ಕೆಳಗಿರುವ ಕ್ಯಾಮೆರಾವನ್ನು ಕೇಳು. ಅವತ್ತು ಫೋಟೋ ಹಿಡಿದದ್ದು ಅದೇ.” ತೋಟಕ್ಕೆ ಬಂದಾಗಲೆಲ್ಲ ಅದು ಕಣ್ಣು ಪಿಳುಕಿಸಿತ್ತೇ ಹೊರತು ಬಾಯಿ ಬಿಟ್ಟದ್ದನ್ನು ಅಜ್ಜ ಕಂಡಿರಲಿಲ್ಲ.

ಮುಕ್ಕಾಲಿಯ ಮೇಲಿದ್ದ ಕ್ಯಾಮೆರಾ ಗಂಟಲು ಸರಿಮಾಡಿಕೊಂಡಿತು. “ಹಿಡಿದದ್ದು ಹೌದು. ಆದರೆ ನಿಮ್ಮ ನೆತ್ತಿ ಪೂರಾ ಕೆಂಪು. ಅವತ್ತು ಕೊರೆಯುತ್ತಿದ್ದ ಹಕ್ಕಿಗೆ ಕಪ್ಪು ಹಣೆ, ಅದರ ತುಂಬ ಬಿಳಿ ಚುಕ್ಕೆ. ಅಂಥ ಹಣೆ ನಿಮ್ಮಲ್ಲಿ ಹೆಂಗಸರಿಗಲ್ಲವೇ?”

ಗೊರವಂಕ ಕಿಸಕ್ಕನೆ ನಕ್ಕಳು. “ಅಜ್ಜಿ ಕೊರೆಯುವಾಗ ನೀವೆಲ್ಲಿದ್ದಿರಿ ಅಜ್ಜ?” ಎನ್ನುತ್ತಲೇ ಪೊಟರೆಯೊಳಗೆ ನುಗ್ಗಿದಳು.

ಅಜ್ಜ ರೆಕ್ಕೆ ಕೊಡವಿದ. “ಅವಳೋ ಸಾಯುವತನಕ ಬಾಯಿ ಬಿಡಲಿಲ್ಲ. ಯಾರಾದರೂ ಹೇಳಿಕೊಳ್ಳಬೇಕಲ್ಲ ಮಗಳೇ!”